ಯುದ್ಧಕಾಲದ ಜೀಪು ರಿಪೇರಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಸಲಹೆ ಕೇಳುವ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಕತೆ. ತೋಟದ ಶೆಡ್ಡಿನಿಂದ ಹಳೇ ಜೀಪು ತಂದಿರುತ್ತಾರೆ. ಹುರುಪಿನಲ್ಲಿ ಪೂರ್ತಿ ಬಿಚ್ಚಿರುತ್ತಾರೆ. ಬಾಡಿ ಟಿಂಕರಿಂಗಿಗೆ ಹೋಗಿರುತ್ತದೆ, ಎಂಜಿನ್ ಲೇತ್‌ನಲ್ಲಿ ಇರುತ್ತದೆ, ನಟ್ಟು ಬೋಲ್ಟುಗಳೆಲ್ಲ ಒಂದೇ ಡಬ್ಬಿಯಲ್ಲಿ. ಅಷ್ಟರಲ್ಲಿ ಮಳೆ ಹಿಡಿಯುತ್ತದೆ. ಕೆರೆದಿಟ್ಟ ತಗಡು ಮತ್ತೆ ಕೆಂಪಾಗುತ್ತದೆ. ಮುಂದಿನ ವರ್ಷದ ಹೊತ್ತಿಗೆ ಯಾವ ಬೋಲ್ಟು ಎಲ್ಲಿಯದ್ದು ಎಂದೇ ಮರೆತುಹೋಗಿರುತ್ತದೆ.

ಇವರಲ್ಲಿ ಹೆಚ್ಚಿನವರು ಕೈಕೆಲಸ ಬಲ್ಲವರೇ. ತಪ್ಪುವುದು ಕೆಲಸದ ಕ್ರಮ. ಹಾಗಾಗಿ ಇಲ್ಲಿ ಕ್ರಮದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಇದು 1941ರಿಂದ 1945ರವರೆಗೆ ತಯಾರಾದ ವಿಲ್ಲಿಸ್ ಎಂ.ಬಿ. ಮತ್ತು ಫೋರ್ಡ್ ಜಿ.ಪಿ.ಡಬ್ಲ್ಯೂ. ಜೀಪುಗಳಿಗೆ ಅನ್ವಯಿಸುತ್ತದೆ. ಎರಡೂ ಒಂದೇ ನಕ್ಷೆಯ ಗಾಡಿಗಳು.

ಮೊದಲು ಕ್ಯಾಲೆಂಡರ್ ನೋಡಿ

ಮಂಗಳೂರು, ಉಡುಪಿಯಲ್ಲಿ ತಗಡಿನ ಕೆಲಸಕ್ಕೆ ದೀಪಾವಳಿಯಿಂದ ಪತ್ತನಾಜೆಯವರೆಗೆ (ಮೇ ಕೊನೆಯವರೆಗೆ) ಮಾತ್ರ ಸಮಯ. ಯಕ್ಷಗಾನ ಮೇಳಗಳು ಹೊರಡುವಾಗ ಶುರು ಮಾಡಿ, ಅವು ಗೆಜ್ಜೆ ಬಿಚ್ಚುವ ಹೊತ್ತಿಗೆ ಬರಿ ತಗಡು ಎಲ್ಲೂ ಉಳಿದಿರಬಾರದು. ಮಳೆಗಾಲ ಎಂಜಿನ್, ಗೇರ್ ಬಾಕ್ಸ್, ಡೈನಮೋ ಮುಂತಾದ ಒಳಗಿನ ಕೆಲಸಕ್ಕೆ.

ಒಂದೇ ಸೀಸನ್ನಿನಲ್ಲಿ ಎಲ್ಲ ಮುಗಿಸುತ್ತೇನೆ ಎಂದು ಹೊರಟವರೇ ಸಿಕ್ಕಿಬೀಳುವುದು. ಎರಡು ಬೇಸಿಗೆ, ನಡುವೆ ಒಂದು ಮಳೆಗಾಲ ಎಂದು ಲೆಕ್ಕ ಹಾಕಿ. ಮೊದಲ ಬೇಸಿಗೆ ಚಾಸಿಸ್ ಮತ್ತು ಬ್ರೇಕಿಗೆ, ಮಳೆಗಾಲ ಎಂಜಿನ್ ಮತ್ತು ಗೇರಿಗೆ, ಎರಡನೇ ಬೇಸಿಗೆ ಬಾಡಿ ಮತ್ತು ಬಣ್ಣಕ್ಕೆ.

ಹಂತ 1: ಕೈಗೆ ಬಂದಿರುವುದು ಯಾವ ಜೀಪು?

ಮುಂದಿನ ಜಾಲರಿ ನೋಡಿ. ಒತ್ತಿ ಮಾಡಿದ ತಗಡಿನಲ್ಲಿ 9 ಸೀಳು ಇದ್ದರೆ ಅದು ಯುದ್ಧಕಾಲದ್ದು. 7 ಸೀಳಿನದ್ದು ಆಮೇಲೆ ಬಂದ ಸಿವಿಲ್ ಜೀಪು, ಅಂದರೆ ಸಿ.ಜೆ. ತೀರಾ ಮೊದಲಿನ ವಿಲ್ಲಿಸ್‌ಗಳಿಗೆ ಕಬ್ಬಿಣದ ಪಟ್ಟಿಗಳನ್ನು ಬೆಸೆದ ಜಾಲರಿ ಇತ್ತು. ಯುದ್ಧಕಾಲದ ಜೀಪಿನ ಹೆಡ್‌ಲೈಟುಗಳು ಜಾಲರಿಯ ಹಿಂದೆ ಒಳಗೆ ಕೂತಿರುತ್ತವೆ. ಬಾನೆಟ್ ಎತ್ತಿ ಅವನ್ನು ಹಿಂದಕ್ಕೆ ಮಗುಚಿದರೆ ಎಂಜಿನ್ನಿಗೇ ಬೆಳಕು ಬೀಳುತ್ತದೆ. ಹಿಂದೆ ತೆರೆಯುವ ಬಾಗಿಲು ಇಲ್ಲ. ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೆ.

ಚಾಸಿಸ್ಸಿನ ಎದುರಿನ ಅಡ್ಡಪಟ್ಟಿ ದುಂಡು ಪೈಪ್ ಆಗಿದ್ದರೆ ವಿಲ್ಲಿಸ್, ಮಗುಚಿದ ‘ಯು’ ಆಕಾರದಲ್ಲಿದ್ದರೆ ಫೋರ್ಡ್. ಫೋರ್ಡ್ ತನ್ನ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ‘ಎಫ್’ ಅಕ್ಷರ ಒತ್ತುತ್ತಿತ್ತು.

ಮಹೀಂದ್ರ 1947ರಿಂದ ಇಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದ ಕಾರಣ, ನಮ್ಮಲ್ಲಿ ಬೆರಕೆ ಜೀಪುಗಳು ಬಹಳ. ಚಾಸಿಸ್ ಒಂದರದ್ದು, ಬಾಡಿ ಇನ್ನೊಂದರದ್ದು, ಎಂಜಿನ್ ಡೀಸೆಲ್. ಬೆರಕೆ ಎಂದು ಬಿಡಬೇಕಾಗಿಲ್ಲ. ಆದರೆ ಯಾವುದು ಅಸಲಿ, ಯಾವುದು ಬದಲಾದದ್ದು ಎಂದು ಒಂದು ಪಟ್ಟಿ ಮಾಡಿ. ಖರ್ಚಿನ ಲೆಕ್ಕ ಅದರ ಮೇಲೆಯೇ ನಿಂತಿದೆ.

ಎಚ್ಚರಿಕೆಯ ಗುರುತು: ಚಾಸಿಸ್ ನಂಬರಿನ ಜಾಗದಲ್ಲಿ ಗ್ರೈಂಡರ್ ಆಡಿಸಿದ ಗೆರೆಗಳಿದ್ದರೆ, ಅಥವಾ ಅಂಕಿಗಳು ಹೊಸದಾಗಿ ಒತ್ತಿದಂತೆ ಹೊಳೆಯುತ್ತಿದ್ದರೆ ಆ ಗಾಡಿ ಬೇಡ. ಎಷ್ಟೇ ಅಗ್ಗ ಇರಲಿ.

ಹಂತ 2: ಕಾಗದಪತ್ರ, ಬಣ್ಣದ ಡಬ್ಬಿ ತರುವ ಮೊದಲೇ

ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಹಳೇ ಆರ್‌ಸಿಯಲ್ಲಿ ಮದ್ರಾಸ್ ನೋಂದಣಿ ಕಂಡರೆ ಗಾಬರಿ ಬೇಡ. ಅಲ್ಲಿಂದ ಇಲ್ಲಿಯವರೆಗೆ ಮಾಲೀಕರ ಸರಪಳಿ ಕಡಿಯದೆ ಬಂದಿದೆಯಾ ಎಂದಷ್ಟೇ ನೋಡಿ.

50 ವರ್ಷ ದಾಟಿದ ಖಾಸಗಿ ವಾಹನಗಳಿಗೆ ಕೇಂದ್ರ ಸರಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ಮರು ನೋಂದಣಿಗೆ 5,000 ರೂಪಾಯಿ. ನಂಬರಿನಲ್ಲಿ ‘ವಿ.ಎ.’ ಎಂಬ ಅಕ್ಷರ ಬರುತ್ತದೆ. ಆದರೆ ಚಾಸಿಸ್, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಗಾಡಿಯನ್ನು ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಾ ಓಡಿಸುವ ಆಸೆ ಇದ್ದರೆ ಈ ದಾರಿ ಬೇಡ. ಇರುವ ಕೆ.ಎ. 19 ಅಥವಾ ಕೆ.ಎ. 20 ನೋಂದಣಿಯನ್ನೇ ಊರ್ಜಿತದಲ್ಲಿ ಇಟ್ಟುಕೊಳ್ಳಿ.

ಇನ್ನು ಬಣ್ಣ. ಮಿಲಿಟರಿ ಜೀಪು ಎಂದ ಕೂಡಲೇ ಎಲ್ಲರಿಗೂ ಆಲಿವ್ ಹಸಿರು ಬೇಕು. ಆದರೆ ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಪೇಂಟ್ ಆದ ಮೇಲೆ ಇದು ಗೊತ್ತಾದರೆ ಇಡೀ ಗಾಡಿ ಮತ್ತೆ ಉಜ್ಜಬೇಕು. ಯಾವ ಬಣ್ಣಕ್ಕೆ ಅಡ್ಡಿ ಇಲ್ಲ ಎಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ಆರ್‌ಸಿಯಲ್ಲಿ ಅದೇ ಬಣ್ಣ ಬರುವಂತೆ ನೋಡಿಕೊಳ್ಳಿ. ಬಾಣದ ಗುರುತಿನ ಸೈನ್ಯದ ನಂಬರ್ ಪ್ಲೇಟ್ ಹಾಕಿಕೊಂಡು ರಸ್ತೆಗೆ ಇಳಿಯಲೇಬೇಡಿ. ಅಸಲಿ ಜೀಪು ಎಡಗೈ ಸ್ಟಿಯರಿಂಗಿನದ್ದು. ಅದಕ್ಕೆ ಮೋಟಾರು ವಾಹನ ಕಾಯ್ದೆಯ 120ನೇ ಕಲಮಿನ ಪ್ರಕಾರ ಸಿಗ್ನಲ್ ವ್ಯವಸ್ಥೆ ಬೇಕು.

ಹಂತ 3: ಜಾಗ ಮತ್ತು ಸಾಮಾನು

ಸಿಮೆಂಟ್ ನೆಲ, ಮೇಲೆ ಮಾಡು, ಮಳೆಯ ಇರಚಲು ಬಡಿಯದ ಗೋಡೆ. ಇಷ್ಟಿಲ್ಲದೆ ಬಿಚ್ಚಬೇಡಿ.

ಗಾಡಿ ಎತ್ತಿ ಕೆಂಪುಕಲ್ಲಿನ ಮೇಲೆ ಕೂರಿಸುವ ಅಭ್ಯಾಸ ನಮ್ಮ ಕಡೆ ಉಂಟು. ದಯವಿಟ್ಟು ಮಾಡಬೇಡಿ. ಕೆಂಪುಕಲ್ಲು ಭಾರಕ್ಕೆ ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ, ಆಗ ಕೆಳಗೆ ಮಲಗಿದವರ ಗತಿ ಹೇಳುವುದೇ ಬೇಡ. ನಾಲ್ಕು ಕಬ್ಬಿಣದ ಸ್ಟ್ಯಾಂಡ್ ಮೊದಲ ಖರ್ಚು ಆಗಲಿ.

ಸ್ಪ್ಯಾನರ್‌ಗಳು ಇಂಚಿನವು ಬೇಕು: 7/16, 1/2, 9/16, 5/8, 3/4. ಚಕ್ರದ ಬೇರಿಂಗ್ ನಟ್ಟಿಗೆ 2 1/8 ಇಂಚಿನ ಸಾಕೆಟ್ ಬೇಕು. ಅದನ್ನು ಉಳಿ ಬಡಿದು ತಿರುಗಿಸುವವರೇ ಜಾಸ್ತಿ. ಮೂಲೆಗಳು ಸವೆದ ನಟ್ಟು ಕಂಡರೆ ಹಿಂದೆ ಯಾರೋ ಹಾಗೆ ಮಾಡಿದ್ದಾರೆ ಎಂದರ್ಥ. ಟಾರ್ಕ್ ರೆಂಚ್ (ಬಿಗಿ ಅಳೆಯುವ ಸ್ಪ್ಯಾನರ್), ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು), ಕಂಪ್ರೆಶನ್ ಗೇಜ್ (ಸಿಲಿಂಡರಿನ ಒತ್ತಡ ಅಳೆಯಲು), ಚೈನ್ ಬ್ಲಾಕ್ (ಭಾರ ಎತ್ತಲು) ಕೂಡ ಇರಲಿ.

ಬೋಲ್ಟಿನ ವಿಷಯದಲ್ಲಿ ಎಡವುವವರು ಬಹಳ. ಈ ಜೀಪಿನ 5/16 ಇಂಚಿನ ಬೋಲ್ಟ್ ದಪ್ಪದಲ್ಲಿ 7.94 ಮಿ.ಮೀ. ಅಂಗಡಿಯ 8 ಮಿ.ಮೀ. ಬೋಲ್ಟ್ ಕಣ್ಣಿಗೆ ಅದೇ. ಬೆರಳಲ್ಲೇ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ತುಕ್ಕಿನ ಬಿಗಿ ಇರಬೇಕು ಎಂದು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಒಳಗಿನ ಎಳೆ ಪೂರ್ತಿ ಹಾಳು. ಮಂಗಳೂರು ಬಂದರಿನ ಹಾರ್ಡ್‌ವೇರ್ ಅಂಗಡಿಗೆ ಹಳೇ ಬೋಲ್ಟನ್ನೇ ಹಿಡಿದುಕೊಂಡು ಹೋಗಿ, ‘ಇಂಚಿನ ಯು.ಎನ್.ಎಫ್. ಎಳೆ’ (ಇಂಚಿನ ನವಿರು ಎಳೆ) ಎಂದು ಕೇಳಿ.

ಹಂತ 4: ಬಿಚ್ಚುವ ಮೊದಲು ಓಡಿಸಿ, ಆಗದಿದ್ದರೆ ತಿರುಗಿಸಿ

ಓಡುವ ಜೀಪು ತನ್ನ ಕಾಯಿಲೆ ತಾನೇ ಹೇಳುತ್ತದೆ. ಯಾವ ಗೇರಿನಲ್ಲಿ ಸದ್ದು, ಯಾವ ಗೇರ್ ಹಾರುತ್ತದೆ, ಹೊಗೆ ನೀಲಿಯಾ ಬಿಳಿಯಾ, ಆಯಿಲ್ ಪ್ರೆಶರ್ ಬಿಸಿಯಾದ ಮೇಲೆ ಎಷ್ಟು ಇಳಿಯುತ್ತದೆ, ಎಲ್ಲ ಬರೆದುಕೊಳ್ಳಿ. ಬಿಚ್ಚಿದ ಮೇಲೆ ಇದನ್ನು ತಿಳಿಯುವ ದಾರಿ ಇಲ್ಲ.

ಎಂಜಿನ್ ಜಾಮ್ ಆಗಿದ್ದರೆ ಎಳೆದು ಸ್ಟಾರ್ಟ್ ಮಾಡಲು ಹೋಗಬೇಡಿ. ಅಂಟಿಕೊಂಡ ವಾಲ್ವ್, ಪಿಸ್ಟನ್ ರಿಂಗ್ ಮುರಿಯುವುದು ಆಗಲೇ. ನಾಲ್ಕೂ ಪ್ಲಗ್ ತೆಗೆದು, ಡೀಸೆಲ್ ಮತ್ತು ತೆಳು ಆಯಿಲ್ ಬೆರೆಸಿ ತೂತುಗಳಲ್ಲಿ ಸುರಿದು, ಕೆಲವು ದಿನ ಬಿಡಿ. ಆಮೇಲೆ ಕೈ ಹ್ಯಾಂಡಲಿನಿಂದ ಹಿಂದೆ ಮುಂದೆ ಮೆಲ್ಲನೆ ಅಲುಗಿಸಿ. ಬಿಡದಿದ್ದರೆ ಮತ್ತೆ ಸುರಿದು ಕಾಯಿರಿ.

ಹಂತ 5: ಚಕ್ರ ತೆಗೆಯುವಾಗ ಎರಡು ಅಪಾಯ

ಒಂದು, ಎಡಬದಿಯ ಚಕ್ರದ ನಟ್ಟುಗಳು ಉಲ್ಟಾ ಎಳೆಯವು. ಬಲಕ್ಕೆ ತಿರುಗಿಸಿದರೆ ಸಡಿಲ, ಎಡಕ್ಕೆ ತಿರುಗಿಸಿದರೆ ಬಿಗಿ. ಗೊತ್ತಿಲ್ಲದವರು ಪೈಪ್ ಹಾಕಿ ಜಗ್ಗಿ ಸ್ಟಡ್ ಮುರಿಯುತ್ತಾರೆ. ತಂತಿ ಬ್ರಶ್ ಹಾಕಿ ಸ್ಟಡ್ಡಿನ ತುದಿ ಉಜ್ಜಿ ನೋಡಿ, ‘ಎಲ್’ ಗುರುತು ಕಾಣಬಹುದು.

ಎರಡನೆಯದು ಜೀವದ ಪ್ರಶ್ನೆ. ಹಲವು ಯುದ್ಧಕಾಲದ ಜೀಪುಗಳಿಗೆ ಎರಡು ತುಂಡಿನ ಕಾಂಬ್ಯಾಟ್ ರಿಮ್ ಇರುತ್ತದೆ. ನಡುವೆ ಚಕ್ರವನ್ನು ಹಬ್ಬಿಗೆ (ಚಕ್ರ ಕೂರುವ ನಡುಭಾಗಕ್ಕೆ) ಹಿಡಿದ 5 ನಟ್ಟು. ಸುತ್ತಲೂ ರಿಮ್ಮಿನ ಎರಡು ತುಂಡುಗಳನ್ನು ಹಿಡಿದ 8 ನಟ್ಟು. ಟೈರಿನಲ್ಲಿ ಗಾಳಿ ಇರುವಾಗ ಆ 8 ನಟ್ಟು ಮುಟ್ಟಿದರೆ ರಿಮ್ ಸಿಡಿಯುತ್ತದೆ, ಎದುರಿಗಿದ್ದವರು ಸಾಯಬಹುದು. ವಾಲ್ವಿನ ಒಳಪಿನ್ ತೆಗೆದು, ಗಾಳಿ ಪೂರ್ತಿ ಹೋದ ಮೇಲೂ ಪಿನ್ ತೂತಿಗೆ ತಂತಿ ತೂರಿಸಿ ನೋಡಿ, ನಂತರ ಕೈ ಹಾಕಿ. ಪಂಚರ್ ಅಂಗಡಿಗೆ ಕೊಡುವಾಗಲೂ ನೀವೇ ಪಕ್ಕದಲ್ಲಿ ನಿಂತು ಹೇಳಿ. ಈಗಿನ ಹುಡುಗರು ಈ ರಿಮ್ ನೋಡಿರುವುದೇ ಅಪರೂಪ.

ಬಿಚ್ಚಿದ ಪ್ರತಿಯೊಂದಕ್ಕೂ ಫೋಟೋ, ಬೇರೆ ಬೇರೆ ಚೀಲ, ಚೀಟಿ. ಕಾಗದದ ಚೀಟಿಯನ್ನು ನಮ್ಮ ಆಟಿ (ಆಷಾಢ) ತಿಂಗಳ ತೇವ ತಿಂದುಹಾಕುತ್ತದೆ. ಅಲ್ಯುಮಿನಿಯಂ ತಗಡಿನ ತುಂಡಿನ ಮೇಲೆ ಮೊಳೆಯಿಂದ ಗೀಚಿ ಕಟ್ಟಿ. ಹಬ್ಬು, ಕ್ರೌನ್ ಗೇರ್, ಸ್ಟಿಯರಿಂಗ್ ನಕಲ್ (ಮುಂದಿನ ಚಕ್ರ ತಿರುಗುವ ಗೆಣ್ಣು) ಇವುಗಳಿಂದ ಬರುವ ಶಿಮ್‌ಗಳನ್ನು (ಸಂದಿ ಹೊಂದಿಸುವ ತೆಳು ತಗಡುಗಳನ್ನು) ಯಾವ ಬದಿಯದ್ದು ಎಂದು ಬರೆದು, ಬಂದ ಹಾಗೇ ಕಟ್ಟಿಡಿ. ಕೊಳೆ ಎಂದು ಎಸೆದರೆ ಬೇರಿಂಗ್ ಬಿಗಿ ಮತ್ತೆ ಹೊಂದಿಸುವುದು ಕಷ್ಟ.

ಬಾಡಿ ಎತ್ತುವ ಮೊದಲು ಎರಡೂ ಬದಿ ಹತ್ತುವ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಆ್ಯಂಗಲ್ ಬೆಸೆಯಿರಿ. ತುಕ್ಕು ತಿಂದ ಬಾಡಿ ಎತ್ತಿದ ಕೂಡಲೇ ಮಡಚಿಕೊಳ್ಳುತ್ತದೆ.

ಹಂತ 6: ತುಕ್ಕು

ಹೆಚ್ಚು ದಿನ ಹಿಡಿಯುವುದು ಇದಕ್ಕೇ. ಚಾಸಿಸ್ಸಿನ ತುಕ್ಕು ಮೊದಲ ಬೇಸಿಗೆಗೆ, ಬಾಡಿಯದ್ದು ಎರಡನೇ ಬೇಸಿಗೆಗೆ. ಅರೆಬರೆ ಮಾಡಿದರೆ ಎರಡು ಮಳೆಗಾಲದಲ್ಲಿ ಬಂಡವಾಳ ಬಯಲಾಗುತ್ತದೆ.

ನೆಲದ ತಗಡಿನ ಅಡಿಯಲ್ಲಿ ಟೊಪ್ಪಿ ಆಕಾರದ ಉದ್ದ ಪಟ್ಟಿಗಳಿವೆ. ಕಾರ್ಖಾನೆಯಲ್ಲೇ ಅವುಗಳ ಒಳಗೆ ಮರದ ತುಂಡು ಇಟ್ಟಿದ್ದರು. ನೀರು ಕುಡಿದ ಮರ ಒಳಗಿಂದ ತಗಡನ್ನು ಕೊಳೆಸುತ್ತದೆ. ಮೇಲಿಂದ ನೆಲ ಗಟ್ಟಿಯಾಗಿ, ಪೇಂಟ್ ಹೊಳೆಯುತ್ತಾ ಕಾಣುತ್ತದೆ. ಕೆಳಗೆ ಮಲಗಿ ಪಟ್ಟಿಯ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿ. ಮೆತ್ತಗೆ ಒಳಹೋಗಿ ಕಂದು ಪುಡಿ, ಕೊಳೆತ ಮರದ ನಾರು ಉದುರಿದರೆ ಪಟ್ಟಿ ಬದಲಾಯಿಸಲೇಬೇಕು. ಮೇಲಿಂದ ತೇಪೆ ಹಾಕಿ ಮುಗಿಸುವ ಟಿಂಕರ್ ಬೇಡ. ಹೊಸ ಮರ ಇಡುವುದಾದರೆ ಪ್ರೈಮರ್ ಕುಡಿಸಿ ಎಲ್ಲ ಬದಿ ಮುಚ್ಚಿ ಇಡಿ. ಪಟ್ಟಿಯ ತುದಿಯಲ್ಲಿ ನೀರು ಇಳಿಯಲು ದಾರಿ ಇರಲಿ.

ಆಮೇಲೆ ನೋಡಬೇಕಾದ ಜಾಗ: ಹಿಂದಿನ ಚಕ್ರದ ಮೇಲಿನ ಸಾಮಾನು ಪೆಟ್ಟಿಗೆಗಳ ತಳ, ಪೆಟ್ರೋಲ್ ಟ್ಯಾಂಕ್ ಕೂರುವ ಗುಂಡಿ, ಕಾಲಿಡುವ ಇಳಿಜಾರು ತಗಡು. ಚಾಸಿಸ್ಸಿನಲ್ಲಿ ಸ್ಪ್ರಿಂಗ್ ಪ್ಲೇಟಿನ ಬ್ರಾಕೆಟ್ಟುಗಳ ಸುತ್ತ ಕೂದಲೆಳೆಯ ಬಿರುಕು ಹುಡುಕಿ. ಸೀಮೆಎಣ್ಣೆ ಹಚ್ಚಿ ಒರೆಸಿ ಸೀಮೆಸುಣ್ಣ ಬಳಿದರೆ ಬಿರುಕು ಗೆರೆಯಾಗಿ ಮೂಡುತ್ತದೆ.

ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಹರಳು ಚಿಮ್ಮಿಸಿ ತುಕ್ಕು, ಪೇಂಟ್ ಕೆರೆಯುವುದು) ಮಾಡಿಸುವಾಗ ಕಡಲ ಮರಳು ಬೇಡವೇ ಬೇಡ. ಉಪ್ಪು ತಗಡಿನ ಒಳಗೆ ಕೂರುತ್ತದೆ, ಮರಳಿನ ದೂಳು ಕೆಲಸದವರ ಶ್ವಾಸಕೋಶಕ್ಕೆ ಕುತ್ತು. ಗ್ರಿಟ್ ಬಳಸುವವರನ್ನು ಹುಡುಕಿ. ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ, ಮಲ್ಪೆಯಲ್ಲಿ ಬೋಟಿನ ಕಬ್ಬಿಣದ ಕೆಲಸ ಮಾಡುವವರ ಹತ್ತಿರ ವಿಚಾರಿಸಿ. ಉಪ್ಪುಗಾಳಿಗೆ ಯಾವ ಪ್ರೈಮರ್ ನಿಲ್ಲುತ್ತದೆ ಎಂದು ಬೋಟಿನವರಿಗೆ ಗೊತ್ತಿರುವಷ್ಟು ಕಾರಿನವರಿಗೆ ಗೊತ್ತಿಲ್ಲ, ಇದು ನನ್ನ ಖಚಿತ ಅಭಿಪ್ರಾಯ. ತೆಳು ತಗಡಿಗೆ ಜೋರು ಬ್ಲಾಸ್ಟಿಂಗ್ ಆದರೆ ಅಲೆಅಲೆಯಾಗಿ ಉಬ್ಬುತ್ತದೆ, ಬಾನೆಟ್ಟಿಗೆ ಕೈಯಲ್ಲೇ ಉಜ್ಜುವುದು ಒಳ್ಳೆಯದು.

ಬರಿ ಕಬ್ಬಿಣ ಇಲ್ಲಿ ಒಂದು ರಾತ್ರಿಯಲ್ಲಿ ಕೆಂಪಾಗುತ್ತದೆ. ಬೆಳಿಗ್ಗೆ ಬ್ಲಾಸ್ಟಿಂಗ್, ಅದೇ ದಿನ ಎಪಾಕ್ಸಿ ಪ್ರೈಮರ್. ಬರಿ ಕೈಯಲ್ಲಿ ಮುಟ್ಟಬೇಡಿ, ಬೆವರಿನ ಗುರುತು ಪೇಂಟಿನ ಅಡಿಯಲ್ಲಿ ತುಕ್ಕಾಗುತ್ತದೆ. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಉಜ್ಜದೆ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ.

ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಜಾಸ್ತಿ ಸಿಡಿಯುವುದು.

ಹಂತ 7: ಬ್ರೇಕ್ ಮತ್ತು ಹ್ಯಾಂಡ್‌ಬ್ರೇಕ್

ಎಂಜಿನ್ನಿಗಿಂತ ಮೊದಲು ಬ್ರೇಕ್. ಈ ಜೀಪಿಗೆ ಒಂದೇ ಬ್ರೇಕ್ ಲೈನ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಹೋಸ್, ಪೈಪ್, ರಬ್ಬರ್ ಎಲ್ಲ ಹೊಸದು ಹಾಕಿ. ಸಿಲಿಂಡರ್ ಒಳಗೆ ಗುಳಿ ಬಿದ್ದಿದ್ದರೆ ಲೇತ್‌ನಲ್ಲಿ ಸ್ಲೀವ್ ಹಾಕಿಸಿ. ಬ್ರೇಕ್ ಲೈನಿನ ಗಾಳಿ ತೆಗೆಯುವುದು ದೂರದ ಚಕ್ರದಿಂದ: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಹಳೇ ಬ್ರೇಕ್ ಶೂಗಳ ದೂಳಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಕಂಪ್ರೆಸರಿನಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹ್ಯಾಂಡ್‌ಬ್ರೇಕ್ ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆಯ) ಹಿಂದೆ ಇದೆ. ಅಲ್ಲಿನ ಆಯಿಲ್ ಸೀಲ್ ಸೋರಿದರೆ ಡ್ರಮ್ಮಿನೊಳಗೆ ಆಯಿಲ್ ಹೋಗಿ ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ. ಶೂ ಬದಲಾಯಿಸುವ ಮೊದಲು ಸೀಲ್ ನೋಡಿ.

ಹಂತ 8: ಎಂಜಿನ್ ಮತ್ತು ಗೇರ್, ಮಳೆಗಾಲದ ಕೆಲಸ

ಎಂಜಿನ್ 134 ಘನ ಇಂಚಿನದ್ದು, ಅಂದರೆ ಸುಮಾರು 2.2 ಲೀಟರ್, 60 ಅಶ್ವಶಕ್ತಿ. ಸೈಡ್ ವಾಲ್ವ್ ಎಂಜಿನ್ ಆದ್ದರಿಂದ ವಾಲ್ವ್ ಸೀಟುಗಳು ಬ್ಲಾಕಿನಲ್ಲೇ ಇವೆ. ಹೆಡ್ ತೆಗೆದ ಕೂಡಲೇ ವಾಲ್ವ್ ಸೀಟಿನಿಂದ ಸಿಲಿಂಡರಿನ ಕಡೆಗೆ ಬಿರುಕು ಇದೆಯಾ ನೋಡಿ. ಬಿರುಕು ಇದ್ದರೆ ಬೋರ್ ಮಾಡಿಸುವ ದುಡ್ಡು ಸುಮ್ನೆ ಹಾಳು. ಆ ಬ್ಲಾಕ್ ಉಳಿಯುತ್ತದೋ ಇಲ್ಲವೋ ಎಂದು ಮೊದಲು ತಿಳಿದುಕೊಳ್ಳಿ. ಬ್ಲಾಕಿನ ಬದಿಯ ಪ್ಲಗ್‌ಗಳನ್ನು ತೆಗೆದು ಒಳಗಿನ ಕೆಸರು ತೊಳೆಯಿರಿ. ‘ರೇಡಿಯೇಟರ್ ಹೊಸದು, ಆದರೂ ಬಿಸಿಯಾಗುತ್ತದೆ’ ಎನ್ನುವವರ ಬ್ಲಾಕಿನಲ್ಲಿ ಸಿಗುವುದು ಇದೇ ಕೆಸರು.

ಜೋಡಿಸುವಾಗ ಬೇಕಾದ ಅಳತೆಗಳು: ಟ್ಯಾಪೆಟ್ ಸಂದಿ 0.014 ಇಂಚು, ಪ್ಲಗ್ 0.030, ಡಿಸ್ಟ್ರಿಬ್ಯೂಟರ್ ಪಾಯಿಂಟ್ 0.020, ಫೈರಿಂಗ್ ಕ್ರಮ 1-3-4-2. ಹೆಡ್ ನಟ್ಟು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ, 60ರಿಂದ 65 ಅಡಿ-ಪೌಂಡ್. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಪಂಪಿನ ಡಯಾಫ್ರಾಮ್, ಹೋಸ್ ಎರಡೂ ಎಥನಾಲ್ ತಡೆಯುವಂಥದ್ದೇ ಬೇಕು. ಹಳೇ ಸ್ಟಾಕಿನ ‘ಅಸಲಿ’ ಡಯಾಫ್ರಾಮ್ ಚಂದ ಕಂಡರೂ ಬೇಗ ಹರಿಯುತ್ತದೆ. ಹರಿದರೆ ಪೆಟ್ರೋಲ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯ ರಿಂಗುಗಳಿವೆ. ಜಿ.ಎಲ್. 5 ದರ್ಜೆಯ ಆಯಿಲ್ ಅವನ್ನು ತಿನ್ನುತ್ತದೆ, ಜಿ.ಎಲ್. 4 ಹಾಕಿ. ಟ್ರಾನ್ಸ್‌ಫರ್ ಕೇಸಿನ ಊಳಿಡುವ ಸದ್ದಿಗೆ ಹೆಚ್ಚಾಗಿ ನಡುವಿನ ಗೇರಿನ ಶಾಫ್ಟ್ ಸವೆದಿರುವುದೇ ಕಾರಣ. ಯುದ್ಧಕಾಲದ ಜೀಪಿಗೆ ಅದು 3/4 ಇಂಚಿನದ್ದು, ಆಮೇಲಿನ ಜೀಪುಗಳದ್ದು ದಪ್ಪ. ಅಳೆಯದೆ ತಂದರೆ ಹೊಂದುವುದಿಲ್ಲ.

ಹಂತ 9: ಬಾಡಿ ಇಲ್ಲದೆ ಎಂಜಿನ್ ಓಡಿಸಿ, ವೈರಿಂಗ್ ನೋಡಿ

ಚಾಸಿಸ್ ಮೇಲೆ ಎಂಜಿನ್, ಗೇರ್ ಕೂರಿಸಿ ಅಲ್ಲೇ ಸ್ಟಾರ್ಟ್ ಮಾಡಿ. ಸೋರಿಕೆ, ಸದ್ದು, ಬ್ರೇಕ್ ಎಲ್ಲ ಕೈಗೆಟುಕುವಂತೆ ಇರುವುದು ಈಗ ಮಾತ್ರ.

ಇದು 6 ವೋಲ್ಟಿನ ಗಾಡಿ. ಸೆಲ್ಫ್ ಮೆಲ್ಲಗೆ ತಿರುಗುತ್ತದೆ ಎಂದು 12 ವೋಲ್ಟ್ ಬ್ಯಾಟರಿ ಇಡುವವರಿದ್ದಾರೆ. ಬಲ್ಬು, ಕಾಯಿಲ್, ಮೀಟರ್ ಎಲ್ಲ ಸುಡುತ್ತವೆ. ತೊಂದರೆ ಇರುವುದು ತೆಳು ಕೇಬಲಿನಲ್ಲಿ. 6 ವೋಲ್ಟಿಗೆ ಕರೆಂಟ್ ಎರಡರಷ್ಟು ಹರಿಯಬೇಕು, ಆದ್ದರಿಂದ ದಪ್ಪ ತಾಮ್ರದ ಕೇಬಲ್, ಚೆನ್ನಾಗಿ ಕೆರೆದ ಅರ್ಥ್ ಬೇಕು. ಡೈನಮೋ ರಿಪೇರಿಯಾಗಿ ಬಂದ ಮೇಲೆ ಎಂಜಿನ್ ಓಡಿಸುವ ಮೊದಲು ಕಟ್ಟೌಟಿನ (ಚಾರ್ಜಿಂಗ್ ಹತೋಟಿಯ ಪೆಟ್ಟಿಗೆಯ) ಬ್ಯಾಟರಿ ಮತ್ತು ಆರ್ಮೇಚರ್ ಟರ್ಮಿನಲ್‌ಗಳನ್ನು ವೈರಿನಿಂದ ಒಂದು ಕ್ಷಣ ಮುಟ್ಟಿಸಬೇಕು. ಇಲ್ಲದಿದ್ದರೆ ಡೈನಮೋ ಉಲ್ಟಾ ಚಾರ್ಜ್ ಮಾಡುವ ಅಪಾಯ ಇದೆ.

ಹಂತ 10: ಮೊದಲು ಬಾಡಿ ಕೂರಿಸಿ, ನಂತರ ಬಣ್ಣ

ಪ್ರೈಮರ್ ಹಾಕಿದ ಬಾಡಿಯನ್ನು ಚಾಸಿಸ್ ಮೇಲೆ ಬೋಲ್ಟ್ ಹಾಕಿ ಕೂರಿಸಿ. ಬಾನೆಟ್, ಮಡ್‌ಗಾರ್ಡ್, ವಿಂಡ್‌ಸ್ಕ್ರೀನ್ ಎಲ್ಲ ಹಾಕಿ ನೋಡಿ. ತೂತುಗಳು ಹೊಂದದಿದ್ದರೆ ಈಗಲೇ ಸರಿಮಾಡಿ. ಪೇಂಟ್ ಆದ ಮೇಲೆ ತೂತು ದೊಡ್ಡದು ಮಾಡಲು ಡ್ರಿಲ್ ಹಿಡಿದರೆ ಆ ಅಂಚಿನಿಂದಲೇ ತುಕ್ಕು ಶುರು.

ಫೆಬ್ರವರಿ, ಮಾರ್ಚಿನ ಒಣ ದಿನ ಆರಿಸಿ, ಇಬ್ಬನಿ ಆರಿದ ಮೇಲೆ ಪೇಂಟ್ ಹೊಡೆಸಿ. ತೇವದಲ್ಲಿ ಹೊಡೆದ ಪೇಂಟ್ ಬಿಳಿಚಿಕೊಳ್ಳುತ್ತದೆ. ಹೊಳಪಿಲ್ಲದ ಪೇಂಟ್ ಬೇಕು ಎಂದು ಮೊದಲೇ ಹೇಳಿ, ಇಲ್ಲವಾದರೆ ಅಭ್ಯಾಸಬಲದಿಂದ ಮೇಲೆ ಲ್ಯಾಕರ್ ಹೊಡೆದುಬಿಡುತ್ತಾರೆ. ಪುಟ್ಟಿ ತೆಳುವಾಗಿರಲಿ.

ಹಂತ 11: ಮೊದಲ ಓಟ

ಮೊದಲು ಮನೆಯ ಹತ್ತಿರದ ಸಮತಟ್ಟು ರಸ್ತೆಯಲ್ಲಿ ಓಡಿಸಿ. ಕೆಲವು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಾಲ್ಕೂ ಹಬ್ಬಿನ ಮೇಲೆ ಕೈಯಿಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಚಕ್ರದ ನಟ್ಟು, ಸ್ಪ್ರಿಂಗ್ ಪ್ಲೇಟಿನ ಯು-ಬೋಲ್ಟ್ ಮತ್ತೆ ಬಿಗಿಮಾಡಿ. ಒಣ ಡಾಮರು ರಸ್ತೆಯಲ್ಲಿ ಫೋರ್ ವೀಲ್ ಹಾಕಬೇಡಿ, ಗೇರುಗಳು ಸಿಕ್ಕಿಹಾಕಿಕೊಂಡು ಸವೆಯುತ್ತವೆ.

500 ಕಿಲೋಮೀಟರಿಗೆ ಆಯಿಲ್ ಬದಲಾಯಿಸಿ, ಹೆಡ್ ನಟ್ಟಿನ ಟಾರ್ಕ್ ಮತ್ತೊಮ್ಮೆ ನೋಡಿ. ಚಾರ್ಮಾಡಿ, ಆಗುಂಬೆಯ ಆಸೆ ಅಲ್ಲಿಯವರೆಗೆ ತಡೆದುಕೊಳ್ಳಿ. ಮೊದಲ ಸಲ ಘಟ್ಟ ಹತ್ತುವಾಗ ನೀರಿನ ಮೀಟರ್ ಏರುತ್ತಾ ಹೋದರೆ ಬದಿಗೆ ನಿಲ್ಲಿಸಿ, ಎಂಜಿನ್ ನಿಧಾನಕ್ಕೆ ಓಡುತ್ತಿರಲಿ. ರೇಡಿಯೇಟರ್ ಮುಚ್ಚಳ ಮಾತ್ರ ಬಿಸಿಯಲ್ಲಿ ತೆಗೆಯಬೇಡಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. 9 ಇಂಚಿನ ಡ್ರಮ್ ಬ್ರೇಕ್ ಬೇಗ ಬಿಸಿಯಾಗುತ್ತದೆ, ಪೆಡಲ್ ಗಟ್ಟಿಯಾಗಿದ್ದರೂ ಗಾಡಿ ನಿಲ್ಲದಂತೆ ಅನಿಸಿದ ಕೂಡಲೇ ಗೇರಿನ ಮೇಲೆ ವೇಗ ಇಳಿಸಿ ನಿಲ್ಲಿಸಿ, ಡ್ರಮ್ ತಣಿಯುವವರೆಗೆ ಮುಂದೆ ಹೋಗಬೇಡಿ.